ತೇಪೆ ಹಾಕುವ ಹೊಣೆ ಯಾರದು?

"ಸರ್ವರ್ ಇಲ್ಲ, ನಾಳೆ ಬನ್ನಿ." ಈ ಮಾತನ್ನು ಕೇಳದ ಮನೆ ನಮ್ಮ ಚಂದ್ರಗುತ್ತಿ ಹೋಬಳಿಯಲ್ಲಿ ಒಂದಾದರೂ ಇದೆಯೆ? ಪಡಿತರದ ಅಕ್ಕಿಗೆ ಹೆಬ್ಬೆಟ್ಟು ಒತ್ತಲು ಹೋದ ಮುದುಕಿ ಇದನ್ನು ಕೇಳಿದ್ದಾಳೆ. ಪಹಣಿ ತೆಗೆಸಲು ಹೋದ ರೈತ ಕೇಳಿದ್ದಾನೆ. ಬಟವಾಡೆಯ ಹಣ ತೆಗೆಯಲು ಹೋದ ಗಿರಣಿಯಾಳು ಕೇಳಿದ್ದಾನೆ. ಸರ್ವರು ಎಂದರೆ ಎಲ್ಲಿಯೋ ಇರುವ ಒಂದು ದೇವತೆ, ಅದು ಒಲಿದ ದಿನ ಕೆಲಸವಾಗುತ್ತದೆ, ಮುನಿದ ದಿನ ಆಗುವುದಿಲ್ಲ ಎಂದು ನಮ್ಮ ಜನ ತಮ್ಮನ್ನು ತಾವೇ ಸಮಾಧಾನ ಮಾಡಿಕೊಂಡು ಹಿಂತಿರುಗುತ್ತಾರೆ.

ಸರ್ವರು ದೇವತೆಯಲ್ಲ, ಯಂತ್ರ. ದೂರದ ಊರಿನ ತಂಪುಕೋಣೆಯೊಂದರಲ್ಲಿ ಕುಳಿತು ಸಾವಿರಾರು ಜನರ ಲೆಕ್ಕಪತ್ರ ಇಟ್ಟುಕೊಂಡು, ಕೇಳಿದವರಿಗೆ ಒದಗಿಸುವ ಕಂಪ್ಯೂಟರು. ಅಕ್ಕಿ ಗಿರಣಿಯ ಹಲ್ಲರಿಗೆ ಎಣ್ಣೆ ಬೇಕು, ಬೆಲ್ಟು ಬದಲಾಯಿಸಬೇಕು, ಸವೆದ ಭಾಗ ತೆಗೆದು ಹೊಸದು ಹಾಕಬೇಕು. ಹಾಗೆಯೇ ಸರ್ವರಿಗೂ ಮೇಲಿಂದ ಮೇಲೆ ರಿಪೇರಿ ಬೇಕು. ಆ ರಿಪೇರಿಯನ್ನು ಮಾಡಬೇಕಾದವರು ಯಾರು, ಮಾಡದೆ ಬಿಟ್ಟರೆ ನಷ್ಟ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದು ಎಂಜಿನಿಯರುಗಳಿಗೆ ಮಾತ್ರ ಸೇರಿದ ಸಂಗತಿಯೆಂದು ನಾವು ಈವರೆಗೆ ಬಿಟ್ಟುಕೊಟ್ಟಿದ್ದೇವೆ. ಅದು ಶ್ರಮಜೀವಿಗಳ ಪ್ರಶ್ನೆ, ಸಣ್ಣ ವ್ಯಾಪಾರಿಗಳ ಪ್ರಶ್ನೆ, ಆದುದರಿಂದ ರಾಜಕೀಯದ ಪ್ರಶ್ನೆ ಎಂದು ತೋರಿಸುವುದು ಈ ಲೇಖನದ ಉದ್ದೇಶ.

ಮುನ್ನೂರು ಬ್ಯಾಂಕುಗಳ ಬಾಗಿಲು ಮುಚ್ಚಿದ ದಿನ

2024ರ ಜುಲೈ 31ರಂದು ದೇಶದ ಸುಮಾರು 300 ಸಣ್ಣ ಬ್ಯಾಂಕುಗಳನ್ನು ಪಾವತಿಯ ಜಾಲದಿಂದ ಕತ್ತರಿಸಿ ಹೊರಗಿಡಲಾಯಿತು. ಇವು ದೊಡ್ಡ ಪೇಟೆಯ ದೊಡ್ಡ ಬ್ಯಾಂಕುಗಳಲ್ಲ. ಬಹುಪಾಲು ಸಹಕಾರಿ ಬ್ಯಾಂಕುಗಳು, ಗ್ರಾಮೀಣ ಬ್ಯಾಂಕುಗಳು. ಸ್ವಂತ ಯಂತ್ರ ಇಟ್ಟುಕೊಳ್ಳುವಷ್ಟು ಶಕ್ತಿಯಿಲ್ಲದ ಇವು ಸಿ-ಎಡ್ಜ್ ಎಂಬ ಕಂಪನಿಯ ಯಂತ್ರಗಳ ಮೇಲೆ ತಮ್ಮ ಲೆಕ್ಕ ನಡೆಸುತ್ತಿದ್ದವು. ಆ ಕಂಪನಿ ಟಾಟಾ ಕನ್ಸಲ್ಟೆನ್ಸಿ ಮತ್ತು ಸ್ಟೇಟ್ ಬ್ಯಾಂಕು ಜತೆಗೂಡಿ ಕಟ್ಟಿದ್ದು. ಅದರ ಯಂತ್ರಗಳಿಗೆ ದರೋಡೆಕೋರರು ನುಗ್ಗಿದ್ದರು. ಈ ಬಗೆಯ ದರೋಡೆಯಲ್ಲಿ ಕಳ್ಳನು ತಿಜೋರಿ ಒಡೆಯುವುದಿಲ್ಲ. ನಮ್ಮ ಕಡತಗಳಿಗೆ ತನ್ನದೊಂದು ಬೀಗ ಜಡಿದು, ಬೀಗ ತೆಗೆಯಬೇಕಾದರೆ ಇಷ್ಟು ಹಣ ಕೊಡಿ ಎನ್ನುತ್ತಾನೆ. ರೋಗ ಬೇರೆ ಕಡೆಗೆ ಹರಡಬಾರದೆಂದು ಎನ್‌ಪಿಸಿಐ ಎಂಬ ರಾಷ್ಟ್ರೀಯ ಪಾವತಿ ನಿಗಮವು ಸಿ-ಎಡ್ಜ್‌ನ ಸಂಪರ್ಕವನ್ನೇ ಕಡಿದುಹಾಕಿತು. ಆ ಬ್ಯಾಂಕುಗಳ ಗಿರಾಕಿಗಳಿಗೆ ಫೋನಿನ ಪಾವತಿ ನಿಂತಿತು, ಎಟಿಎಂ ಕೈಕೊಟ್ಟಿತು. ಮರುದಿನ, ಆಗಸ್ಟ್ 1ರಂದು ಸಂಪರ್ಕವನ್ನು ಮತ್ತೆ ಕೊಡಲಾಯಿತು.

ಇದರಿಂದ ದೇಶದ ಒಟ್ಟು ಪಾವತಿಯಲ್ಲಿ ಶೇಕಡ 0.5ರಷ್ಟಕ್ಕೆ ಮಾತ್ರ ತೊಂದರೆ ಎಂದು ಆಗ ಪತ್ರಿಕೆಗಳಲ್ಲಿ ವರದಿಯಾಯಿತು. ಲೆಕ್ಕ ಸರಿಯಿರಬಹುದು. ಆದರೆ ಸಂತೆಯಿಂದ ತಂದ ಸರಕಿಗೆ ಹಣ ಕೊಡಬೇಕಾದ ಅಂಗಡಿಕಾರನಿಗೆ ಆ ದಿನ ನಿಂತದ್ದು ಶೇಕಡ ನೂರು. ಆಸ್ಪತ್ರೆಯ ಮುಂದೆ ನಿಂತು ಖಾತೆಯಲ್ಲಿರುವ ತನ್ನದೇ ಎರಡು ಸಾವಿರ ರೂಪಾಯಿ ತೆಗೆಯಲಾರದ ಕೂಲಿಯವನಿಗೆ ಅರ್ಧ ಶೇಕಡದ ಮಾತು ಯಾವ ಸಮಾಧಾನ ಕೊಟ್ಟೀತು? ದೊಡ್ಡ ಬ್ಯಾಂಕಿನ ಗಿರಾಕಿಗೆ ಎರಡು ಖಾತೆ, ಮೂರು ಕಾರ್ಡು ಇರುತ್ತವೆ. ಬಡವನಿಗೆ ಇರುವುದು ಒಂದೇ ಪಾಸ್‌ಬುಕ್ಕು.

ಇನ್ನು ಮುಖ್ಯ ಸಂಗತಿಗೆ ಬರೋಣ. ಕಳ್ಳರು ನುಗ್ಗಿದ್ದು ಎಲ್ಲಿಂದ? ಬೆಂಗಳೂರಿನ ಕ್ಲೌಡ್‌ಸೆಕ್ ಎಂಬ ಭದ್ರತಾ ಸಂಸ್ಥೆ ತನಿಖೆ ಮಾಡಿ ವರದಿ ಕೊಟ್ಟಿತು. ಅದರ ಪ್ರಕಾರ, ಸಿ-ಎಡ್ಜ್‌ನ ಜತೆ ಕೆಲಸ ಮಾಡುತ್ತಿದ್ದ ಇನ್ನೊಂದು ಕಂಪನಿಯಲ್ಲಿ ಜೆಂಕಿನ್ಸ್ ಎಂಬ ಸಾಫ್ಟ್‌ವೇರ್ ನಡೆಯುತ್ತಿದ್ದ ಸರ್ವರೊಂದಿತ್ತು. ಅದರಲ್ಲಿದ್ದ ತೂತಿನಿಂದ ಕಳ್ಳರು ಒಳಗೆ ಬಂದರು. ಆ ತೂತು ಹೊಸದೇನಲ್ಲ. ಅದು ಲೋಕಕ್ಕೆಲ್ಲ ಗೊತ್ತಾದದ್ದು 2024ರ ಜನವರಿ 24ರಂದು. ಅದನ್ನು ಮುಚ್ಚುವ ತೇಪೆ ಹೊರಬಂದದ್ದೂ ಅದೇ ದಿನ. ಜೆಂಕಿನ್ಸ್ ಯಾರು ಬೇಕಾದರೂ ಬಿಟ್ಟಿಯಾಗಿ ತೆಗೆದುಕೊಳ್ಳಬಹುದಾದ ಸಾಫ್ಟ್‌ವೇರ್. ತೇಪೆಗೂ ಕಾಸು ಕೊಡಬೇಕಾಗಿಲ್ಲ. ಬಿಟ್ಟಿಯಾಗಿ ಸಿಗುವ ತೇಪೆ ಬಂದು ಆರು ತಿಂಗಳು ಒಂದು ವಾರ ಕಳೆದ ಮೇಲೆ ಮುನ್ನೂರು ಬ್ಯಾಂಕುಗಳ ಬಾಗಿಲು ಮುಚ್ಚಿತು!

ತೂತು ಎಂದರೇನು, ತೇಪೆ ಎಂದರೇನು

ಈ ತೂತಿನ ಸ್ವರೂಪವನ್ನು ಸ್ವಲ್ಪ ಬಿಡಿಸಿ ಹೇಳುವುದು ಅವಶ್ಯ. ಏಕೆಂದರೆ "ಇದು ನಿಮಗೆ ಅರ್ಥವಾಗದ ವಿಷಯ" ಎಂಬ ಮಾತೇ ಹೊಣೆಗೇಡಿಗಳು ಅಡಗಿಕೊಳ್ಳುವ ಬಿಲ.

ಒಂದು ಕಿರಾಣಿ ಅಂಗಡಿ ಎಂದಿಟ್ಟುಕೊಳ್ಳಿ. ಗಿರಾಕಿ ಚೀಟಿ ಕೊಡುತ್ತಾನೆ, ಗುಮಾಸ್ತ ಓದಿ ಉತ್ತರ ಹೇಳುತ್ತಾನೆ. ಆದರೆ ಈ ಗುಮಾಸ್ತನಿಗೆ ಒಂದು ವಿಚಿತ್ರ ಅಭ್ಯಾಸವಿದೆ. ಚೀಟಿಯಲ್ಲಿ ಒಂದು ಗುರುತು ಹಾಕಿ, ಅದರ ಪಕ್ಕದಲ್ಲಿ ಯಜಮಾನನ ಯಾವುದಾದರೂ ಖಾತೆ ಪುಸ್ತಕದ ಹೆಸರು ಬರೆದರೆ, ಗುಮಾಸ್ತ ಆ ಪುಸ್ತಕ ತೆಗೆದು ಅದರೊಳಗಿನದನ್ನು ಗಟ್ಟಿಯಾಗಿ ಓದಿಬಿಡುತ್ತಾನೆ. ಕೇಳಿದವನು ಯಜಮಾನನೋ ದಾರಿಹೋಕನೋ ಎಂದು ನೋಡುವುದಿಲ್ಲ. ಜೆಂಕಿನ್ಸ್‌ನ ದೋಷ ಹೆಚ್ಚು ಕಡಿಮೆ ಇಂಥದೇ. ಇ-ಮೇಲ್ ವಿಳಾಸದ ನಡುವೆ ಬರೆಯುತ್ತಾರಲ್ಲ, ಆ ಸುಳಿಯಂಥ ಚಿಹ್ನೆ, ಅದನ್ನು ಹಾಕಿ ಮುಂದೆ ಕಡತದ ಹೆಸರು ಬರೆದು ಆಜ್ಞೆ ಕಳಿಸಿದರೆ, ಯಾವ ಅಧಿಕಾರವೂ ಇಲ್ಲದ ಅಪರಿಚಿತನಿಗೂ ಸರ್ವರು ಆ ಕಡತದ ಮೊದಲ ಕೆಲವು ಸಾಲುಗಳನ್ನು ತೋರಿಸುತ್ತಿತ್ತು. ಬೀಗದ ಕೈ ಎಲ್ಲಿದೆಯೆಂದು ಬರೆದಿಟ್ಟ ಕಡತದ ನಾಲ್ಕು ಸಾಲು ಸಿಕ್ಕರೆ ಕಳ್ಳನಿಗೆ ಇನ್ನೇನು ಬೇಕು? ಜನವರಿಯಲ್ಲಿ ಬಂದ ತೇಪೆ ಈ ಅಭ್ಯಾಸವನ್ನು ಬಿಡಿಸಿತು. ಅಷ್ಟೇ.

ಸಾಫ್ಟ್‌ವೇರ್ ಎಂಬುದು ಮನುಷ್ಯರು ಬರೆದ ಲಕ್ಷಾಂತರ ಸಾಲುಗಳ ಆಜ್ಞಾಪತ್ರ. ಇಷ್ಟು ದೊಡ್ಡ ಬರಹದಲ್ಲಿ ತಪ್ಪು ಇರುವುದೇ ಇಲ್ಲ ಎನ್ನಲು ಸಾಧ್ಯವಿಲ್ಲ. ಆದುದರಿಂದ ತಯಾರಿಸಿದವರು ತಪ್ಪು ಕಂಡಾಗಲೆಲ್ಲ ತಿದ್ದುಪಡಿ ಹೊರಡಿಸುತ್ತಾರೆ. ಅದಕ್ಕೇ ಪ್ಯಾಚ್ ಎಂದು ಹೆಸರು, ನಮ್ಮ ಮಾತಿನಲ್ಲಿ ತೇಪೆ. ಮೈಕ್ರೋಸಾಫ್ಟ್ ಕಂಪನಿ 2003ರಿಂದ ಪ್ರತಿ ತಿಂಗಳ ಎರಡನೆಯ ಮಂಗಳವಾರ, ಸಂತೆಯ ದಿನ ಗೊತ್ತುಮಾಡಿದಂತೆ, ತನ್ನ ತೇಪೆಗಳನ್ನು ಹೊರಡಿಸುತ್ತ ಬಂದಿದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ತೇಪೆ ಹೊರಬಂದ ದಿನವೇ ತೂತು ಎಲ್ಲಿದೆ ಎಂಬುದು ಕಳ್ಳನಿಗೂ ಗೊತ್ತಾಗುತ್ತದೆ. ಹೊಸ ತೇಪೆಯನ್ನು ಹಳೆಯ ಬಟ್ಟೆಯ ಪಕ್ಕದಲ್ಲಿಟ್ಟು ನೋಡಿದರೆ ಹರಿದದ್ದು ಎಲ್ಲಿ ಎಂದು ತಿಳಿಯುವುದಿಲ್ಲವೆ? ಜೆಂಕಿನ್ಸ್‌ನ ತೂತಿನಲ್ಲಿ ನುಗ್ಗುವ ವಿಧಾನವನ್ನು ತೇಪೆ ಬಂದ ಕೆಲವೇ ದಿನಗಳಲ್ಲಿ ಬಲ್ಲವರು ಬರೆದು ಹರಡಿಬಿಟ್ಟರು. ಅಂದಿನಿಂದ ಓಟದ ಪಂದ್ಯ ಆರಂಭವಾಯಿತೆಂದೇ ಅರ್ಥ. ಒಂದು ಕಡೆ ತೇಪೆ ಹಚ್ಚಬೇಕಾದವನು, ಇನ್ನೊಂದು ಕಡೆ ಕಳ್ಳ. ತೇಪೆ ಹಚ್ಚಬೇಕಾದವನು ಆರು ತಿಂಗಳು ಮಲಗಿದರೆ ಗೆಲ್ಲುವವರು ಯಾರೆಂದು ಹೇಳಬೇಕೆ?

ತಿಳಿದೂ ಏಕೆ ಹಾಕುವುದಿಲ್ಲ?

ಇದು ನಮ್ಮ ದೇಶದ ದಾರಿದ್ರ್ಯದಿಂದ ಆದ ಕತೆ ಎಂದು ಯಾರೂ ತಿಳಿಯಬಾರದು. ಬಂಡವಾಳಶಾಹಿಯ ತವರಿನಲ್ಲೇ ನೋಡಿ. ಅಮೆರಿಕದಲ್ಲಿ ಈಕ್ವಿಫ್ಯಾಕ್ಸ್ ಎಂಬ ಕಂಪನಿ ಜನರ ಸಾಲಸೋಲದ ಚರಿತ್ರೆಯನ್ನು ಸಂಗ್ರಹಿಸಿ ಮಾರುವ ವ್ಯವಹಾರ ನಡೆಸುತ್ತದೆ. 2017ರ ಮಾರ್ಚ್ 7ರಂದು ಅದು ಬಳಸುತ್ತಿದ್ದ ಸಾಫ್ಟ್‌ವೇರಿಗೆ ತೇಪೆ ಬಂತು. ನಲವತ್ತೆಂಟು ಗಂಟೆಯೊಳಗೆ ಹಾಕಬೇಕೆಂದು ಕಂಪನಿಯ ಒಳಗೇ ಸೂಚನೆಯೂ ಹೋಯಿತು. ಒಂದು ಸರ್ವರಿಗೆ ಮಾತ್ರ ಯಾರೂ ಹಾಕಲಿಲ್ಲ. ಮೇ 13ರಿಂದ ಕಳ್ಳರು ಒಳಗೆ ಸೇರಿ ಸುಮಾರು 14 ಕೋಟಿ 70 ಲಕ್ಷ ಜನರ ಗುಟ್ಟನ್ನು ಹೊತ್ತೊಯ್ದರು. ಒಳಗಿನ ಓಡಾಟವನ್ನು ಕಾಯಬೇಕಾಗಿದ್ದ ಯಂತ್ರದ ಭದ್ರತಾ ಸರ್ಟಿಫಿಕೇಟಿನ ಅವಧಿ ಮುಗಿದು ಹತ್ತೊಂಬತ್ತು ತಿಂಗಳಾಗಿತ್ತು, ಅದೂ ಕುರುಡಾಗಿತ್ತು! ಅಕ್ಟೋಬರಿನಲ್ಲಿ ಅಲ್ಲಿನ ಸಂಸತ್ತಿನ ಮುಂದೆ ನಿಂತ ಕಂಪನಿಯ ಮಾಜಿ ಮುಖ್ಯಸ್ಥರು ಹೇಳಿದ್ದೇನು? ಸೂಚನೆಯನ್ನು ಮುಂದಕ್ಕೆ ತಲುಪಿಸದಿದ್ದ ಒಬ್ಬ ನೌಕರನ ಕಡೆ ಬೆರಳು ತೋರಿಸಿದರು. 2018ರ ಡಿಸೆಂಬರಿನಲ್ಲಿ ಸಂಸತ್ತಿನ ಸಮಿತಿ ವರದಿ ಕೊಟ್ಟು, ಇದು ಪೂರ್ತಿಯಾಗಿ ತಡೆಯಬಹುದಾಗಿದ್ದ ಅನಾಹುತ ಎಂದು ತೀರ್ಮಾನಿಸಿತು. ಗಿರಣಿಯಲ್ಲಿ ಬೆಲ್ಟು ಹರಿದು ಕೈ ಹೋದಾಗ "ಆಳಿನ ಅಜಾಗರೂಕತೆ" ಎಂದು ಪುಸ್ತಕದಲ್ಲಿ ಬರೆಯುವ ಧಣಿಗಳ ಮಾತಿಗೂ ಈ ಮಾತಿಗೂ ಏನು ವ್ಯತ್ಯಾಸ?

ಅದೇ 2017ರಲ್ಲಿ ವಾನಾಕ್ರೈ ಎಂಬ ಪಿಡುಗು ಹರಡಿತು. ತೇಪೆ ಬಂದದ್ದು ಮಾರ್ಚ್ 14ಕ್ಕೆ, ಪಿಡುಗು ಬಂದದ್ದು ಮೇ 12ಕ್ಕೆ. ಎರಡು ತಿಂಗಳ ಅವಕಾಶವಿತ್ತು. ಇಂಗ್ಲೆಂಡಿನಲ್ಲಿ ಸಾರ್ವಜನಿಕ ಆಸ್ಪತ್ರೆಗಳನ್ನು ನಡೆಸುವ 236 ಮಂಡಳಿಗಳ ಪೈಕಿ 80ಕ್ಕೆ ಅದರ ಪೆಟ್ಟು ತಗುಲಿತೆಂದು ಅಲ್ಲಿನ ಲೆಕ್ಕಪರಿಶೋಧನಾ ಕಚೇರಿ ವರದಿ ಮಾಡಿತು. ಗೊತ್ತುಮಾಡಿದ್ದ ಶಸ್ತ್ರಚಿಕಿತ್ಸೆಗಳೂ ಸೇರಿದಂತೆ ಸಾವಿರಾರು ರೋಗಿಗಳ ಭೇಟಿ ರದ್ದಾಯಿತು.

ಹಾಗಾದರೆ ಕಾರಣವೇನು? ಮೊದಲನೆಯದು ಗುತ್ತಿಗೆಯ ಸರಪಣಿ. ಸಹಕಾರಿ ಬ್ಯಾಂಕು ಒಂದು ಕಂಪನಿಗೆ ಕೊಡುತ್ತದೆ, ಆ ಕಂಪನಿ ಇನ್ನೊಂದರ ಸಹಾಯ ಪಡೆಯುತ್ತದೆ, ಅದು ಮತ್ತೊಂದರಿಂದ ಆಳು ತರಿಸುತ್ತದೆ. ತೂತು ಯಾರ ಅಂಗಳದಲ್ಲಿದೆ ಎಂದು ಕೇಳಿದರೆ ಒಬ್ಬರು ಇನ್ನೊಬ್ಬರ ಮನೆ ತೋರಿಸುತ್ತಾರೆ. ಎರಡನೆಯದು ಕೂಲಿಯ ಜಿಪುಣತನ. ತೇಪೆ ಬಿಟ್ಟಿ ಬಂದರೂ ಅದನ್ನು ಪರೀಕ್ಷಿಸಿ, ರಾತ್ರಿ ಎದ್ದು, ಯಂತ್ರ ನಿಲ್ಲಿಸಿ ಹಚ್ಚುವ ಕೈ ಬಿಟ್ಟಿಯಲ್ಲ. ಆ ಕೈಗೆ ಕೊಡಬೇಕಾದ ಸಂಬಳವನ್ನೇ ಕಡಮೆ ದರದ ಟೆಂಡರು ಮೊದಲು ಕತ್ತರಿಸುತ್ತದೆ. ಮೂರನೆಯದು, ರಿಪೇರಿ ಮಾಡಿದವನಿಗೆ ಹೆಸರಿಲ್ಲ. ಚಿತ್ರದುರ್ಗದ ಕಿಂಡಿಯಲ್ಲಿ ಶತ್ರುಗಳನ್ನು ಒನಕೆಯಿಂದ ಬಡಿದ ಓಬವ್ವನನ್ನು ನಾವು ಇಂದಿಗೂ ಕೊಂಡಾಡುತ್ತೇವೆ, ಅದು ಯೋಗ್ಯವೇ. ಕಿಂಡಿ ಕಂಡ ದಿನವೇ ಸದ್ದಿಲ್ಲದೆ ಎರಡು ಕಲ್ಲಿಟ್ಟು ಮುಚ್ಚಿದವನ ಹೆಸರು ಯಾವ ಕೋಟೆಯ ಚರಿತ್ರೆಯಲ್ಲಿದೆ? ಹೊಸ ಪೋರ್ಟಲ್ ಉದ್ಘಾಟಿಸಲು ಮಂತ್ರಿಗಳು ಬರುತ್ತಾರೆ, ಟೇಪು ಕತ್ತರಿಸುತ್ತಾರೆ. ಹಳೆಯದಕ್ಕೆ ತೇಪೆ ಹಾಕಿದ ದಿನ ಯಾವ ಮಂತ್ರಿಯೂ ಬರುವುದಿಲ್ಲ.

ನಮ್ಮ ಹಿರಿಯರು ಈ ವಿಷಯದಲ್ಲಿ ಹೆಚ್ಚು ಬುದ್ಧಿವಂತರಾಗಿದ್ದರು. ಸೊರಬ ಕೆರೆಗಳ ಸೀಮೆ. ಕೆರೆ ಕಟ್ಟಿಸಿದರೆ ಸಾಲದು, ಏರಿಯಲ್ಲಿ ಏಡಿ ಕೊರೆದ ಬಿಲವನ್ನು ಕಂಡ ದಿನವೇ ಮುಚ್ಚಬೇಕೆಂದು ಅವರು ಬಲ್ಲರು. ಆದುದರಿಂದ ಕೆರೆಯ ಕೆಲಸಕ್ಕೆಂದೇ ಭೂಮಿಯನ್ನು ಬಿಟ್ಟರು. ಕಟ್ಟುಕೊಡಗೆ, ಬಿತ್ತುವಟ್ಟ ಎಂದು ಕನ್ನಡ ನಾಡಿನ ಶಾಸನಗಳಲ್ಲಿ ಬರುವ ಮಾತುಗಳು ಇದೇ ಅಲ್ಲವೆ? ನೀರಗಂಟಿ ಯಾರೆಂದು ಊರಿಗೆಲ್ಲ ಗೊತ್ತಿತ್ತು, ಅವನ ಪಾಲಿನ ಭತ್ತ ಗೊತ್ತಿತ್ತು. ಇಂದು ಕೋಟ್ಯಂತರ ಜನರ ಲೆಕ್ಕ ತುಂಬಿಕೊಂಡ ಕೆರೆಗೆ ನೀರಗಂಟಿ ಯಾರು, ಅವನ ಪಾಲು ಎಷ್ಟು ಎಂದು ಹೇಳುವವರಿಲ್ಲ.

ಒಂದು ಆಕ್ಷೇಪಣೆ

ತೇಪೆ ಹಾಕಿದರೇ ಯಂತ್ರ ಕೆಡುತ್ತದೆ, ಆದುದರಿಂದ ತಡಮಾಡುತ್ತೇವೆ ಎಂದು ಕಂಪನಿಯವರು ಹೇಳುತ್ತಾರೆ. ಇದನ್ನು ನಾವು ತಳ್ಳಿಹಾಕುವಂತಿಲ್ಲ. ಸಹಕಾರಿ ಬ್ಯಾಂಕುಗಳ ಮೇಲಿನ ದಾಳಿಗೆ ಹನ್ನೆರಡು ದಿನ ಮೊದಲು, 2024ರ ಜುಲೈ 19ರಂದು, ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯೇ ಕಳಿಸಿದ ದೋಷಯುಕ್ತ ತಿದ್ದುಪಡಿಯಿಂದ ಲೋಕದಲ್ಲಿ ಸುಮಾರು 85 ಲಕ್ಷ ಕಂಪ್ಯೂಟರುಗಳು ಕುಸಿದುಬಿದ್ದವು. ವಿಮಾನಗಳು ನಿಂತವು. ನಮ್ಮ ದೇಶದ ನಿಲ್ದಾಣಗಳಲ್ಲಿ ವಿಮಾನ ಹತ್ತುವ ಚೀಟಿಯನ್ನು ಕೈಯಲ್ಲಿ ಬರೆದುಕೊಡಬೇಕಾಯಿತು.

ಆದರೆ ಇದರಿಂದ ಕಲಿಯಬೇಕಾದ ಪಾಠ ಯಾವುದು? ಎಲ್ಲ ಯಂತ್ರಕ್ಕೂ ಒಂದೇ ಏಟಿಗೆ ಹಾಕಬೇಡಿ, ಮೊದಲು ಒಂದು ಯಂತ್ರಕ್ಕೆ ಹಾಕಿ ನೋಡಿ, ಸರಿಯಿದ್ದರೆ ಹತ್ತಕ್ಕೆ, ಆಮೇಲೆ ಉಳಿದವಕ್ಕೆ. ಕೆಟ್ಟರೆ ಹಿಂದಕ್ಕೆ ತಿರುಗುವ ದಾರಿ ಇಟ್ಟುಕೊಳ್ಳಿ. ಇದಕ್ಕೆ ಬೇಕಾದದ್ದು ಎರಡು ದಿನವೋ ಹತ್ತು ದಿನವೋ. ಔಷಧಿ ಒಗ್ಗದೆ ಹೋದೀತೆಂದು ಆರು ತಿಂಗಳು ರೋಗಿಯನ್ನು ಹಾಗೆಯೇ ಮಲಗಿಸುವ ವೈದ್ಯನನ್ನು ಯಾರಾದರೂ ಒಪ್ಪುತ್ತಾರೆಯೆ? ಎಚ್ಚರಿಕೆ ಬೇರೆ, ಸೋಮಾರಿತನ ಬೇರೆ. ಎರಡಕ್ಕೂ ಒಂದೇ ಅಂಗಿ ತೊಡಿಸಿ ನಮ್ಮನ್ನು ಏಮಾರಿಸಬಾರದು.

ತೇಪೆ ಹೊಲಿಯುವವರ ಬಗ್ಗೆಯೂ ಒಂದು ಮಾತು. 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಎಂಬ ಸಾಫ್ಟ್‌ವೇರ್ ತುಣುಕಿನಲ್ಲಿ ಭಾರಿ ತೂತು ಸಿಕ್ಕಿತು. ಯಂತ್ರದ ದಿನಚರಿ ಬರೆಯುವ ಸಣ್ಣ ತುಣುಕು ಅದು. ಆದರೆ ಲೋಕದ ದೊಡ್ಡ ಕಂಪನಿಗಳ ಸರ್ವರುಗಳಲ್ಲೆಲ್ಲ ಅದು ಸೇರಿಕೊಂಡಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಸ್ವಯಂಸೇವಕರು, ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡುತ್ತ ಬಿಡುವಿನಲ್ಲಿ ಇದನ್ನು ಸಂಬಳವಿಲ್ಲದೆ ನಡೆಸುತ್ತಿದ್ದವರು. ನಿದ್ದೆಗೆಟ್ಟು ತೇಪೆ ಹೊಲಿದರು, ಅದರಲ್ಲೂ ಕೊರತೆ ಕಂಡು ಮತ್ತೆ ಮತ್ತೆ ಹೊಲಿದರು. ಸಾವಿರಾರು ಕೋಟಿ ಲಾಭ ಮಾಡುವ ಕಂಪನಿಗಳು ಬಿಟ್ಟಿ ಶ್ರಮದ ಮೇಲೆ ಮಹಡಿ ಕಟ್ಟಿದ್ದವೆಂಬುದು ಆ ದಿನ ಬಯಲಾಯಿತು.

ಬಾಯ್ಲರಿಗಿರುವ ಕಾಯಿದೆ ಸರ್ವರಿಗೇಕಿಲ್ಲ?

ಗಿರಣಿ ಕಾರ್ಮಿಕರಿಗೆ ಬಾಯ್ಲರು ಎಂದರೇನೆಂದು ಹೇಳಬೇಕಾಗಿಲ್ಲ. 1863ರಲ್ಲಿ ಕಲ್ಕತ್ತೆಯಲ್ಲಿ ಒಂದು ಬಾಯ್ಲರು ಸಿಡಿದು ಜನ ಸತ್ತರು. ಮರುವರ್ಷ ಬಂಗಾಳದಲ್ಲಿ ಬಾಯ್ಲರುಗಳ ತಪಾಸಣೆಯ ಶಾಸನ ಬಂತು. 1923ರಲ್ಲಿ ಇಡೀ ದೇಶಕ್ಕೆ ಒಂದು ಕಾಯಿದೆಯಾಯಿತು, 2025ರಲ್ಲಿ ಅದರ ಸ್ಥಳಕ್ಕೆ ಹೊಸ ಕಾಯಿದೆ ಬಂದಿದೆ. ಅದರ ತಿರುಳು ಒಂದೇ: ತಪಾಸಣೆಯಾಗಿ ಸರ್ಟಿಫಿಕೇಟು ಪಡೆಯದ ಬಾಯ್ಲರನ್ನು ನಡೆಸಕೂಡದು. ನನ್ನ ಬಾಯ್ಲರು, ನನ್ನ ಇಷ್ಟ ಎಂದು ಧಣಿ ಹೇಳುವಂತಿಲ್ಲ. ಏಕೆಂದರೆ ಸಿಡಿದರೆ ಸಾಯುವವನು ಧಣಿಯಲ್ಲ.

ಸಣ್ಣ ವ್ಯಾಪಾರಿಗಳನ್ನು ಕೇಳಿ. ತಕ್ಕಡಿಗೆ, ತೂಕದ ಕಲ್ಲಿಗೆ ಕಾಲಕಾಲಕ್ಕೆ ಮುದ್ರೆ ಒತ್ತಿಸಬೇಕು. ಮುದ್ರೆಯ ಅವಧಿ ಮುಗಿದಿದ್ದರೆ ಇನ್ಸ್‌ಪೆಕ್ಟರು ಬಂದು ದಂಡ ಹಾಕುತ್ತಾರೆ. ಹತ್ತು ಕೆಜಿ ಸಕ್ಕರೆ ತೂಗುವ ತಕ್ಕಡಿಗೆ ಮುದ್ರೆ ಬೇಕು. ಹತ್ತು ಲಕ್ಷ ಜನರ ಉಳಿತಾಯ ತೂಗುವ ಸರ್ವರಿನ ಮುದ್ರೆಯನ್ನು ಜನ ನೋಡುವ ಹಾಗೆ ಎಲ್ಲಿ ತೂಗುಹಾಕಿದ್ದಾರೆ?

ಕಾನೂನು ಏನೂ ಇಲ್ಲವೆಂದು ಹೇಳುತ್ತಿಲ್ಲ. ರಿಸರ್ವ್ ಬ್ಯಾಂಕು 2019ರ ಡಿಸೆಂಬರಿನಲ್ಲಿ ನಗರ ಸಹಕಾರಿ ಬ್ಯಾಂಕುಗಳಿಗೆ ಶ್ರೇಣಿವಾರು ಭದ್ರತಾ ಕಟ್ಟಳೆಗಳನ್ನು ಹೊರಡಿಸಿತು. ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲಿನಲ್ಲಿ, ದಾಳಿಯಾದುದು ತಿಳಿದ ಆರು ಗಂಟೆಯೊಳಗೆ ವರದಿ ಮಾಡಬೇಕೆಂದು ಆಜ್ಞೆ ಮಾಡಿತು. ಕಳವಾದ ಮೇಲೆ ಕೂಗುವುದಕ್ಕೆ ಗಂಟೆಯ ಲೆಕ್ಕ. ಕಳವಾಗುವ ಮೊದಲು ಬೀಗ ರಿಪೇರಿ ಮಾಡುವುದಕ್ಕೆ? ಅಮೆರಿಕದ ಸರ್ಕಾರ 2021ರ ನವೆಂಬರಿನಲ್ಲಿ ತನ್ನ ಇಲಾಖೆಗಳಿಗೆ ಬೇರೆ ದಾರಿ ಹಾಕಿತು: ಕಳ್ಳರು ಬಳಸುತ್ತಿರುವ ತೂತುಗಳ ಪಟ್ಟಿಯನ್ನು ಬಹಿರಂಗವಾಗಿ ಪ್ರಕಟಿಸುವುದು, ಹೊಸವಕ್ಕೆ ಸಾಮಾನ್ಯವಾಗಿ ಎರಡು ವಾರದ ಗಡುವು ಕೊಡುವುದು. ಬಂಡವಾಳಶಾಹಿ ಸರ್ಕಾರಕ್ಕೆ ಸಾಧ್ಯವಾದದ್ದು ನಮ್ಮ ಜನತಾ ಸರ್ಕಾರಗಳಿಗೆ ಏಕೆ ಅಸಾಧ್ಯ?

ಇನ್ನು 2023ರಲ್ಲಿ ಪಾರ್ಲಿಮೆಂಟು ಒಪ್ಪಿದ ಖಾಸಗಿ ಮಾಹಿತಿ ರಕ್ಷಣೆಯ ಕಾಯಿದೆ. ತಕ್ಕ ಭದ್ರತೆ ಇಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಎಂದು ಅದರಲ್ಲಿ ಬರೆದಿದೆ. ಕೇಳಲು ಚೆನ್ನಾಗಿದೆ. ಆದರೆ ದಂಡದ ಹಣ ಸೇರುವುದು ಭಾರತದ ಸಂಚಿತ ನಿಧಿಗೆ. ಮನೆ ಕಳವಾದವನಿಗೆ ಒಂದು ಕಾಸೂ ಇಲ್ಲ!

ಕಾಗೋಡಿನ ಕೊಳಗ

ಇಷ್ಟು ದೂರದ ಮಾತು ಚಂದ್ರಗುತ್ತಿಯವರಿಗೆ ಏಕೆ ಎನ್ನುವವರಿಗೆ ಪಕ್ಕದ ಸಾಗರ ಸೀಮೆಯ ಚರಿತ್ರೆಯನ್ನು ನೆನಪಿಸಬೇಕಾಗಿದೆ. 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದರು. ಸಮಾಜವಾದಿಗಳು ಅವರ ಬೆನ್ನಿಗೆ ನಿಂತರು, ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು, ಡಾ. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ಹೋರಾಟದ ದೂರುಗಳಲ್ಲಿ ಒಂದು, ಗೇಣಿಯ ಭತ್ತ ಅಳೆಯುವ ಕೊಳಗದ್ದು. ಅಳೆಯುವ ಪಾತ್ರೆ ಯಾರ ಕೈಯಲ್ಲಿದೆ, ಅದು ಸರಿಯಿದೆಯೆಂದು ನೋಡುವ ಹಕ್ಕು ಯಾರಿಗಿದೆ ಎಂಬ ಪ್ರಶ್ನೆಯನ್ನು ಓದುಬರಹ ಬಾರದ ಒಕ್ಕಲು ಮಕ್ಕಳು ಅಂದು ಕೇಳಿದರು.

ಆ ಹೋರಾಟದ ಫಲ 1974ರ ಭೂಸುಧಾರಣೆಯಲ್ಲಿ ಕಂಡಿತು. ಡಿಕ್ಲರೇಷನ್ ಅರ್ಜಿ ಕೊಟ್ಟು, ನ್ಯಾಯಮಂಡಳಿಯ ಮುಂದೆ ನಿಂತು, ಗೇಣಿದಾರ ತನ್ನ ಹೆಸರನ್ನು ಪಹಣಿಯಲ್ಲಿ ಬರೆಸಿಕೊಂಡ. 2000ದ ಸುಮಾರಿಗೆ ಭೂಮಿ ಯೋಜನೆ ಬಂತು. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು, ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಅದರಿಂದ ಲಂಚ ಕಡಮೆಯಾಯಿತು, ಅಲೆದಾಟ ತಪ್ಪಿತು ಎಂಬುದನ್ನು ನಾವು ಒಪ್ಪಬೇಕು. ಆದರೆ ತಾತ ಜೈಲಿಗೆ ಹೋಗಿ ಗಳಿಸಿದ ಹಕ್ಕು ಇಂದು ಇರುವುದು ಸರ್ವರೊಂದರ ಒಳಗೆ. ಆ ಸರ್ವರಿನ ಬೀಗ ಭದ್ರವಾಗಿದೆಯೆ ಎಂದು ಕೇಳುವುದು ಮೊಮ್ಮಗನ ಕರ್ತವ್ಯವಲ್ಲವೆ? ಇಂದಿನ ಕೊಳಗ ಅದೇ.

ಸರ್ಕಾರಿ ಯಂತ್ರಕ್ಕೆ ಯಾರೂ ನುಗ್ಗಲಾರರು ಎಂಬ ಭ್ರಮೆಯೂ ಬೇಡ. 2019ರಲ್ಲಿ ನಮ್ಮ ರಾಜ್ಯ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲಿಗೇ ಕಳ್ಳರು ನುಗ್ಗಿ, ಟೆಂಡರು ಹಾಕಿದವರು ಇಟ್ಟಿದ್ದ ಠೇವಣಿಯಿಂದ ಸುಮಾರು 11.5 ಕೋಟಿ ರೂಪಾಯಿ ಸಾಗಿಸಿದರು.

ನಮ್ಮ ಬೇಡಿಕೆಗಳು

ಆದುದರಿಂದ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಪರವಾಗಿ ನಾವು ಮುಂದಿಡುವ ಬೇಡಿಕೆಗಳು ಇವು:

1. ಜನರ ಹಣ, ಭೂಮಿ, ಪಡಿತರ, ಭವಿಷ್ಯನಿಧಿಯ ಲೆಕ್ಕ ಇಡುವ ಪ್ರತಿಯೊಂದು ಸರ್ವರಿಗೂ ಹೆಸರಿಟ್ಟ ಒಬ್ಬ ಹೊಣೆಗಾರ ಅಧಿಕಾರಿ ಇರಬೇಕು. ಆ ಅಧಿಕಾರಿಗೆ ಹೊಣೆಯ ಜತೆಗೆ, ರಿಪೇರಿಗಾಗಿ ಯಂತ್ರ ನಿಲ್ಲಿಸುವ ಅಧಿಕಾರವನ್ನೂ ಕೊಡಬೇಕು.

2. ಕಳ್ಳರು ಬಳಸುತ್ತಿರುವುದು ಖಚಿತವಾದ ತೂತುಗಳಿಗೆ ಎರಡು ವಾರದೊಳಗೆ ತೇಪೆ ಬೀಳಬೇಕು. ಬೀಳದಿದ್ದರೆ ಕಾರಣ ಬರವಣಿಗೆಯಲ್ಲಿರಬೇಕು.

3. ಬಾಯ್ಲರಿಗಿರುವಂತೆ ಹೊರಗಿನ ತಪಾಸಣೆ ವರ್ಷಕ್ಕೊಮ್ಮೆ ನಡೆಯಬೇಕು. ಒಳಗುಟ್ಟು ಹೇಳಬೇಕಾಗಿಲ್ಲ. ತಪಾಸಣೆ ನಡೆದ ದಿನಾಂಕವನ್ನು ಬ್ಯಾಂಕಿನ ಕೌಂಟರಿನ ಮೇಲೆ, ತಕ್ಕಡಿಯ ಮುದ್ರೆಯಂತೆ, ತೂಗುಹಾಕಬೇಕು.

4. ಟೆಂಡರಿನಲ್ಲಿ ರಿಪೇರಿಯ ಹಣವನ್ನು ಪ್ರತ್ಯೇಕವಾಗಿ ತೆಗೆದಿಡಬೇಕು, ಕಡಮೆ ದರದ ಪೈಪೋಟಿಗೆ ಅದನ್ನು ಬಲಿಕೊಡಬಾರದು. 1970ರ ಗುತ್ತಿಗೆ ಕಾರ್ಮಿಕರ ಕಾಯಿದೆಯಲ್ಲಿ ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕ ಕೊಡಬೇಕೆಂದಿತ್ತು. ಅದೇ ತತ್ವ ಇಲ್ಲಿಯೂ ಬರಲಿ: ಉಪಗುತ್ತಿಗೆದಾರನ ತೂತಿಗೆ ಮೂಲ ಕಂಪನಿಯೇ ಹೊಣೆ.

5. ಸರ್ವರು ನಿಂತು ಕೂಲಿ, ವ್ಯಾಪಾರ ಕೆಟ್ಟವರಿಗೆ ಪರಿಹಾರ ಸಿಗಬೇಕು. ದಂಡದ ಹಣದಲ್ಲಿ ಮೊದಲ ಪಾಲು ನೊಂದವರದು.

6. ಯಂತ್ರ ನಿಂತ ದಿನ ಪಡಿತರ, ಪಿಂಚಣಿ, ಸಣ್ಣ ಮೊತ್ತದ ಹಣ ಕೈಬರಹದ ಪುಸ್ತಕದ ಮೇಲೆ ಸಿಗುವಂತಿರಬೇಕು.

7. ಸಣ್ಣ ಸಹಕಾರಿ ಬ್ಯಾಂಕುಗಳೆಲ್ಲ ಸೇರಿ ತಮ್ಮದೇ ರಿಪೇರಿ ಪಡೆಯೊಂದನ್ನು ಕಟ್ಟಿಕೊಳ್ಳಲು ಸರ್ಕಾರ ನೆರವಾಗಬೇಕು. ಒಂಟಿಯಾಗಿ ಒಂದೊಂದೂ ಬಡವ. ಕೂಡಿದರೆ ಮುನ್ನೂರು ಬ್ಯಾಂಕುಗಳು ಬಡವರಲ್ಲ. ಸಹಕಾರ ಎಂಬ ಮಾತಿಗೆ ಅರ್ಥವಿರುವುದು ಇಲ್ಲಿ.

ನಾವು ಮಾಡಬೇಕಾದುದು

ಬೇಡಿಕೆ ಬರೆದು ಕೈತೊಳೆದುಕೊಳ್ಳುವುದು ಸಮಾಜವಾದಿಯ ರೀತಿಯಲ್ಲ. ಸಹಕಾರಿ ಸಂಘದಲ್ಲಿ ಷೇರು ಇರುವವರೆಲ್ಲ ಅದರ ಒಡೆಯರು. ವರ್ಷಕ್ಕೊಮ್ಮೆ ಸರ್ವಸದಸ್ಯರ ಮಹಾಸಭೆ ನಡೆಯುತ್ತದೆ. ನಮ್ಮ ಜನ ಅಲ್ಲಿಗೆ ಹೋಗಿ, ಡಿವಿಡೆಂಡು ಎಷ್ಟೆಂದು ಕೇಳಿ, ಊಟ ಮಾಡಿ ಬರುತ್ತಾರೆ. ಮುಂದಿನ ಸಭೆಯಲ್ಲಿ ಮೂರು ಪ್ರಶ್ನೆ ಕೇಳಿ: ನಮ್ಮ ಲೆಕ್ಕ ಯಾರ ಯಂತ್ರದಲ್ಲಿದೆ? ಅದಕ್ಕೆ ತೇಪೆ ಹಾಕುವ ಹೊಣೆ ಕರಾರಿನಲ್ಲಿ ಯಾರ ಹೆಸರಿಗಿದೆ? ಕಳೆದ ಬಾರಿ ಹೊರಗಿನವರು ತಪಾಸಣೆ ಮಾಡಿದ್ದು ಯಾವ ತಾರೀಖು? ಉತ್ತರ ಬಂದರೆ ನಡವಳಿಯಲ್ಲಿ ಬರೆಸಿ. ಬಾರದಿದ್ದರೆ, ಉತ್ತರ ಬರಲಿಲ್ಲವೆಂದು ಬರೆಸಿ. ಸರ್ಕಾರಿ ಕಚೇರಿಗಳಿಗೆ 2005ರ ಮಾಹಿತಿ ಹಕ್ಕಿನ ಕಾಯಿದೆಯಡಿ ಇದೇ ಪ್ರಶ್ನೆಗಳನ್ನು ಅರ್ಜಿಯಾಗಿ ಹಾಕಬಹುದು.

ಅಂಗಡಿಕಾರ ಮಿತ್ರರು ತಮ್ಮ ಮೇಜಿನ ಮೇಲಿನ ಬಿಲ್ಲಿನ ಕಂಪ್ಯೂಟರನ್ನೂ ಒಮ್ಮೆ ನೋಡಿಕೊಳ್ಳಲಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ತೇಪೆಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ಫೋನು "ಅಪ್‌ಡೇಟ್ ಮಾಡಲೇ" ಎಂದು ಕೇಳಿದಾಗ ಪ್ರತಿಸಲವೂ "ನಾಳೆ" ಎಂದು ಒತ್ತಬೇಡಿ. ನಾಳೆ ಬನ್ನಿ ಎಂದು ನಮಗೆ ಹೇಳುವವರನ್ನು ತರಾಟೆಗೆ ತೆಗೆದುಕೊಳ್ಳುವ ನಾವು ನಮ್ಮ ಬೀಗಕ್ಕೆ ಅದೇ ಮಾತು ಹೇಳಬಾರದು.

ಯಂತ್ರವನ್ನು ದ್ವೇಷಿಸುವುದು ನಮ್ಮ ಕೆಲಸವಲ್ಲ. ಗಿರಣಿಯ ಯಂತ್ರವನ್ನು ಒಡೆಯಬೇಕೆಂದು ನಾವು ಎಂದೂ ಹೇಳಿಲ್ಲ, ಅದರ ಲಾಭದಲ್ಲಿ ಪಾಲು ಮತ್ತು ಅದರ ಅಪಾಯದಿಂದ ರಕ್ಷಣೆ ಕೇಳಿದ್ದೇವೆ. ಸರ್ವರಿನ ವಿಷಯದಲ್ಲಿಯೂ ನಮ್ಮ ನಿಲುವು ಅದೇ. ಅದರಲ್ಲಿರುವುದು ನಮ್ಮ ಹಣ, ನಮ್ಮ ನೆಲ, ನಮ್ಮ ಹೆಬ್ಬೆಟ್ಟು. ಅದಕ್ಕೆ ತೇಪೆ ಹಾಕಿದಿರೋ ಇಲ್ಲವೋ ಎಂದು ಕೇಳುವ ಹಕ್ಕೂ ನಮ್ಮದೇ. ಬರುವ ಮಹಾಸಭೆಗೆ ಹೋಗಿ, ಎದ್ದು ನಿಂತು ಕೇಳಿ.